ಗೇಜು ಹಾಲೆಂಡಿಗೆ ಹೋಗಿದ್ದು

ವಿಮಾನ ನಿಲ್ದಾಣ

ಹಾಲೆಂಡಿನ ನೆಲ ಮುಟ್ಟಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಒಬ್ಬ ಅಧಿಕಾರಿಯ ಕೈಗೆ ವಿಭೂತಿ ಮೆತ್ತಿಸಿದ್ದು. ಬೇಕೆಂದು ಮಾಡಿದ್ದಲ್ಲ. ಚೀಲ ಬಿಚ್ಚಿಸಿ ನೋಡುವ ಜಾಗದಲ್ಲಿ ಬಾಗಿಲಷ್ಟು ಎತ್ತರದ ಒಬ್ಬ ಮನುಷ್ಯ ನನ್ನ ಸೀರೆಗಳ ನಡುವೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ್ದ ವಿಭೂತಿ ಗಟ್ಟಿಯನ್ನು ಹೊರಗೆ ತೆಗೆದ. ಬೆಳ್ಳಗಿದೆ, ಮುಟ್ಟಿದರೆ ಪುಡಿ ಉದುರುತ್ತದೆ. ಅವನ ಮುಖ ಬಿಗಿಯಾಯಿತು. ಪಕ್ಕದವನನ್ನು ಕರೆದ. ಇಬ್ಬರೂ ಮೂಸಿ ನೋಡಿದರು.

ನನ್ನ ತಮ್ಮ ಬಸು ಇಂಗ್ಲಿಷಿನಲ್ಲಿ ಏನೋ ಹೇಳಿದ. ಅವರು ಏನೋ ಕೇಳಿದರು. ಬಸು ನನ್ನ ಕಡೆ ತಿರುಗಿದ.

“ಬೂದಿ ಅಂದೆ ಕಣಕ್ಕ. ಯಾತರ ಬೂದಿ ಅಂತ ಕೇಳ್ತಿದಾರೆ.”

“ಸೆಗಣಿದು ಅಂತ ಹೇಳು.”

“ಹಂಗಂದ್ರೆ ಇಲ್ಲಿಂದಲೇ ವಾಪಸ್ ಕಳಿಸ್ತಾರೆ. ಕಟ್ಟಿಗೆದು ಅಂತೀನಿ.”

“ಸುಳ್ಳು ಹೇಳ್ಬೇಡ ಕಣೋ. ಏನು ಪಾಠ ಮಾಡಕ್ಕೆ ಬಂದಿದೀಯ ಅನ್ನೋದಾದ್ರೂ ನೆನಪಿರಲಿ.”

ಬಸು ನಿಜ ಹೇಳಿದ. ಅಧಿಕಾರಿ ಗಟ್ಟಿಯನ್ನು ನಿದ್ದೆಹೋದ ಕೂಸನ್ನು ಇಳಿಸುವ ಹಾಗೆ ಮೆಲ್ಲಗೆ ಕೆಳಗಿಟ್ಟು, ತನ್ನ ಬೆರಳುಗಳನ್ನೇ ನೋಡುತ್ತಾ ನಿಂತ. ಒರೆಸಿಕೊಳ್ಳುವುದೆಲ್ಲಿ ಎಂದು ತಿಳಿಯಲಿಲ್ಲ ಪಾಪ. ನಾನು ಹಣೆ ತೋರಿಸಿದೆ, ಇಲ್ಲಿ ಒರೆಸಿಕೋ ಎಂದು. ಪಕ್ಕದವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಆಮೇಲೆ ಸಿಕ್ಕಿದ್ದು ಗೇಜು. ಗೇಣುದ್ದದ ಉಕ್ಕಿನ ಕಡ್ಡಿ, ಎರಡು ತುದಿಗೂ ಒಂದೊಂದು ಗುಂಡು ದಿಂಡು. ಇದಕ್ಕೆ ನನಗೆ ಬಸುವಿನ ಇಂಗ್ಲಿಷು ಬೇಕಾಗಲಿಲ್ಲ. ಎಡಗೈ ಬೆರಳುಗಳನ್ನು ಉಂಗುರ ಮಾಡಿದೆ. ಒಂದು ತುದಿಯನ್ನು ತೂರಿಸಿ “ಗೋ” ಅಂದೆ. ಇನ್ನೊಂದು ತುದಿಯನ್ನು ತೂರಿಸಲು ಹೋಗಿ, ಆಗದವಳ ಹಾಗೆ ನಟಿಸಿ “ನೋ ಗೋ” ಅಂದೆ. ನಮ್ಮ ಪೀಣ್ಯದ ಕಾರ್ಖಾನೆಗಳ ಇಡೀ ಇನ್‌ಸ್ಪೆಕ್ಷನ್ ವಿದ್ಯೆ ಇಷ್ಟೇ. ತೂತಿನೊಳಗೆ ಒಂದು ತುದಿ ಹೋಗಬೇಕು, ಇನ್ನೊಂದು ಹೋಗಕೂಡದು. ಎರಡೂ ಹೋದರೆ ತೂತು ದೊಡ್ಡದಾಗಿದೆ, ಮಾಲು ರಿಜೆಕ್ಟು.

ಅವನು ಬಾಗಿಲ ಕಡೆ ಕೈ ಚಾಚಿ “ಗೋ” ಅಂದ. ಹೋದೆವು.

ತಮ್ಮನಿಗೆ ಸುಳ್ಳು ಹೇಳಬೇಡ ಎಂದು ಬುದ್ಧಿ ಹೇಳಿದೆನಲ್ಲ, ಆ ಮಾತು ಹೊರಗೆ ಬಂದ ಮೇಲೂ ಬಹಳ ಹೊತ್ತು ನನ್ನ ಬಾಯಲ್ಲೇ ಕಹಿಯಾಗಿ ಉಳಿಯಿತು. ಯಾಕೆಂದು ಈಗಲೇ ಹೇಳಿಬಿಡುತ್ತೇನೆ. ಅದನ್ನು ಬಚ್ಚಿಟ್ಟುಕೊಂಡು ಪ್ರವಾಸ ಮಾಡಿದ್ದು ಸಾಕಾಗಿದೆ. ಬಚ್ಚಿಟ್ಟುಕೊಂಡು ಬರೆಯುವುದು ಬೇಡ.

ಪೀಣ್ಯ, ಎಂಟು ವರ್ಷ ಹಿಂದಕ್ಕೆ

ನನ್ನ ಹೆಸರು ಗೌರಮ್ಮ. ಏಳನೇ ಕ್ಲಾಸು. ಅಪ್ಪ ದಾವಣಗೆರೆಯ ಮಿಲ್ಲಿನಲ್ಲಿದ್ದರು. ಮಿಲ್ಲಿನಲ್ಲಿ ಕೆಲಸ ನಿಂತಾಗ ನಾವು ಬೆಂಗಳೂರಿನ ಟಿ. ದಾಸರಹಳ್ಳಿಗೆ ಬಂದು, ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಸೇರಿದೆ. ಹಳ್ಳಿಗಳಲ್ಲಿ ಬೋರ್‌ವೆಲ್ ಮೇಲೆ ಕೂರಿಸುವ ಕೈಪಂಪು ಇರುತ್ತದಲ್ಲ, ಅದರ ಹಿಡಿ ತಿರುಗುವ ಜಾಗದಲ್ಲಿ ಒಂದು ಬುಷ್ಷು ಕೂರುತ್ತದೆ, ದಪ್ಪ ಉಕ್ಕಿನ ಬಳೆಯ ಹಾಗೆ. ನಮ್ಮಲ್ಲಿ ಆಗುತ್ತಿದ್ದದ್ದು ಆ ಬುಷ್ಷು. ನಾನು ಗೇಜು ಹಾಕಿ ನೋಡಿ, ಸರಿಯಿದ್ದರೆ ಕಾಗದಕ್ಕೆ ಸೈನ್ ಮಾಡುವವಳು. ನನ್ನ ಸೈನ್ ಇಲ್ಲದೆ ಲಾರಿ ಗೇಟು ದಾಟುತ್ತಿರಲಿಲ್ಲ. ಏಳನೇ ಕ್ಲಾಸಿನವಳಿಗೆ ಅದೇನು ಕಡಿಮೆ ದರ್ಬಾರೇ?

ಆ ವರ್ಷ ಆಯುಧ ಪೂಜೆಯ ಬೆಳಿಗ್ಗೆ, ಸಿದ್ಧವಾಗಿದ್ದ ಒಂದು ಲಾಟಿನಲ್ಲಿ ಎರಡು ಬುಷ್ಷಿಗೆ ಗೇಜಿನ ಎರಡೂ ತುದಿ ಹೋದವು. ಅವನ್ನು ತೆಗೆದು ಬೇರೆಯಿಟ್ಟು, ಇಡೀ ಲಾಟನ್ನು ಒಂದೊಂದಾಗಿ ನೋಡಬೇಕು ಎಂದುಕೊಂಡೆ. ಅಷ್ಟರಲ್ಲಿ ಪೂಜೆಗೆ ಕರೆದರು. ಲೇತುಗಳಿಗೆಲ್ಲ ಕುಂಕುಮ, ಬಾಳೆಕಂದು. ಗೇಜುಗಳನ್ನು ನಾನೇ ತೊಳೆದು, ವಿಭೂತಿ ಹಚ್ಚಿ, ಹೂವಿಟ್ಟು ದೇವರ ಮುಂದೆ ಸಾಲಾಗಿ ಜೋಡಿಸಿದೆ. ನನ್ನ ಪೆನ್ನನ್ನೂ ಇಟ್ಟೆ, ಅದೂ ಆಯುಧ ತಾನೇ. ಬೂದುಗುಂಬಳ ಒಡೆದು, ಪುರಿ ಹಂಚಿ, ಮನೆಗೆ ಹೊರಡಬೇಕು, ಗೇಟಿಗೆ ಲಾರಿ ಬಂತು. ಆ ಲಾಟು ಆವತ್ತೇ ಹೋಗಬೇಕಂತೆ.

“ನೋಡಿ ಮುಗಿದಿಲ್ಲ ಸಾರ್,” ಅಂದೆ ಓನರಿಗೆ.

“ನೋಡಿ ಕಳಿಸಮ್ಮ, ಯಾರು ಬೇಡ ಅಂದ್ರು.”

“ಗೇಜು ಪೂಜೆಗಿಟ್ಟಿದೀವಲ್ಲ.”

ಅವರು ದೇವರ ಕಡೆ ನೋಡಿದರು, ಲಾರಿ ಕಡೆ ನೋಡಿದರು. ಪೂಜೆ ಮಾಡಿದ ಆಯುಧವನ್ನು ಮರುದಿನದ ಪೂಜೆಯಾಗುವವರೆಗೆ ಎತ್ತುವುದು ಪೀಣ್ಯದಲ್ಲಿ ಯಾರಿಂದಲೂ ಆಗದ ಕೆಲಸ. ಅವರಿಂದಲೂ ಆಗಲಿಲ್ಲ, ನನ್ನಿಂದಲೂ ಆಗಲಿಲ್ಲ. “ನೀನೇ ನೋಡಮ್ಮ ಏನು ಮಾಡ್ತೀಯೋ,” ಎಂದು ಒಳಗೆ ಹೋದರು. ಲಾರಿ ಡ್ರೈವರ್ ಅವಸರ ಮಾಡಿದ. ನನ್ನ ಪೆನ್ನು ದೇವರ ಮುಂದಿತ್ತು. ಅವನು ಕಿವಿಯ ಮೇಲಿಂದ ತನ್ನದನ್ನು ತೆಗೆದು ಕೊಟ್ಟ. ಸೈನ್ ಮಾಡಿದೆ.

ಗೇಜು ಎತ್ತಿದರೆ ಪಾಪ ಬರುತ್ತದೆ ಎಂದು ಹೆದರಿದವಳು, ಕಂಡವರ ಪೆನ್ನಿನಲ್ಲಿ ಸುಳ್ಳು ಸೈನ್ ಹಾಕಲು ಹೆದರಲಿಲ್ಲ.

ಕೆಲವು ತಿಂಗಳ ಮೇಲೆ ಕಾರ್ಖಾನೆಗೆ ಕಾಗದ ಬಂತು. ಮಧುಗಿರಿ ಆಚೆಯ ಒಂದು ಹಳ್ಳಿಯಲ್ಲಿ ಪಂಪಿನ ಹಿಡಿ ಕಳಚಿ ಬಿದ್ದು ಒಬ್ಬ ಹೆಂಗಸಿನ ಕೈ ಮುರಿದಿದೆ ಎಂದು. ನನ್ನನ್ನು ಗೇಜಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ಅಳುತ್ತಾ ಮನೆಗೆ ಬಂದೆ. ಬಸು ಆಗ ಇಂಜಿನಿಯರಿಂಗಿನ ಕೊನೆಯ ವರ್ಷ. ಏನಾಯ್ತಕ್ಕ ಅಂದ. ನನ್ನ ಬಾಯಿಂದ ಬಂದದ್ದು ಇದು: “ನೋಡದೆ ಸೈನ್ ಹಾಕು ಅಂದ್ರು ಕಣೋ. ನಾನು ಹಾಕ್ಲಿಲ್ಲ. ಬೇರೆ ಯಾರೋ ಹಾಕಿದ್ರು. ಅದಕ್ಕೇ ನನ್ನ ಪ್ಯಾಕಿಂಗಿಗೆ ತಳ್ಳಿದಾರೆ.”

ಬಸು ನನ್ನ ಕಾಲಿಗೆ ಬಿದ್ದ.

ಮುಂದೆ ಅವನು ಕಾಲೇಜಿನಲ್ಲಿ ಮೇಷ್ಟ್ರಾದ. ಇಂಜಿನಿಯರುಗಳಾಗುವ ಹುಡುಗರಿಗೆ ಸೇತುವೆ, ಮೋಟಾರು ಮಾತ್ರ ಕಲಿಸಿದರೆ ಸಾಲದು, ಯಾವಾಗ ಆಗುವುದಿಲ್ಲ ಎನ್ನಬೇಕು ಎಂಬುದನ್ನೂ ಕಲಿಸಬೇಕು ಎಂದು ಹಟ ಹಿಡಿದು ಶನಿವಾರಕ್ಕೊಂದು ಪಾಠ ಶುರು ಮಾಡಿದ. ಆ ಪಾಠದ ಮೊದಲ ಕಥೆಯೇ ನಾನು. ವರ್ಷಕ್ಕೊಂದು ಹೊಸ ತಂಡ ಅದನ್ನು ಕೇಳುತ್ತದೆ. ಕೆಲವು ಹುಡುಗರು ಮನೆಯವರೆಗೂ ಬಂದು ನನ್ನನ್ನು ನೋಡಿ, ಕಾಫಿ ಕುಡಿದು, “ಆ ಸೈನ್ ಹಾಕಿದವನಿಗೆ ನಾಚಿಕೆ ಆಗ್ಬೇಕು ಅಕ್ಕ” ಎಂದು ಹೋಗುತ್ತಿದ್ದರು. ನಾನು ಅವರಿಗೆ ಇನ್ನೊಂದು ಚಕ್ಕುಲಿ ಹಾಕುತ್ತಿದ್ದೆ.

ಹಾಲೆಂಡಿನಲ್ಲಿ ಇಂಥದೇ ಪಾಠ ಮಾಡುವ ಒಬ್ಬ ಮೇಡಮ್ಮಿಗೆ ಬಸು ಈ ಕಥೆ ಬರೆದು ಕಳಿಸಿದ. ಅವಳು ಎರಡು ಟಿಕೆಟ್ಟು ಕಳಿಸಿದಳು. ನೀನೂ ಬಾ, ನಿನ್ನ ಅಕ್ಕನನ್ನೂ ಕರೆದುಕೊಂಡು ಬಾ. ಗೇಜು ಸಿಕ್ಕರೆ ಅದನ್ನೂ. ಈಗಲೂ ಅದೇ ಕಾರ್ಖಾನೆಯ ಪ್ಯಾಕಿಂಗಿನಲ್ಲಿದ್ದ ನಾನು ಓನರನ್ನು ಕೇಳಿ ಒಂದು ಗೇಜು ತೆಗೆದುಕೊಂಡೆ.

ಮರೈಕೆಯ ಮನೆ

ಆ ಮೇಡಮ್ಮಿನ ಹೆಸರು ಮರೈಕೆ. ಊರಿನ ಹೆಸರು ಹೇಳಬೇಕಾದರೆ ಮೊದಲು ಗಂಟಲು ಕ್ಯಾಕರಿಸಬೇಕು. ನನಗೆ ಬರಲಿಲ್ಲ, ಬರೆಯಲೂ ಬರುವುದಿಲ್ಲ. ಬೀದಿಯ ಬದಲು ನೀರು ಹರಿಯುವ ಊರು ಎಂದರೆ ಸಾಕು.

ಅವಳ ಮನೆಯ ಮೆಟ್ಟಿಲನ್ನು ನಾವು ಅಟ್ಟದ ಏಣಿ ಎನ್ನುತ್ತೇವೆ. ಸೀರೆ ಎತ್ತಿ ಕಟ್ಟಿ, ನಾಲ್ಕೂ ಕೈಕಾಲು ಬಳಸಿ ಹತ್ತಿದೆ. ಕಿಟಕಿಗಳು ಗೋಡೆಯಷ್ಟು ದೊಡ್ಡವು, ಒಂದಕ್ಕೂ ಪರದೆಯಿಲ್ಲ. ಬೀದಿಯಲ್ಲಿ ಹೋಗುವವರಿಗೆ ಇವರ ಊಟ, ಇವರ ಜಗಳ, ಇವರು ಕಾಲುಚೀಲ ಮಡಚುವುದು ಎಲ್ಲ ಕಾಣುತ್ತದೆ. ದಾಸರಹಳ್ಳಿಯಲ್ಲಿ ನಾವು ಒಗ್ಗರಣೆ ಹಾಕುವಾಗಲೂ ಬಾಗಿಲು ಮುಂದೆ ಮಾಡುತ್ತೇವೆ.

“ಬಚ್ಚಿಡೋ ಅಂಥದ್ದು ಇಲ್ಲ ಅಂತ ತೋರ್ಸೋಕಂತೆ ಕಣಕ್ಕ,” ಅಂದ ಬಸು.

ನಾನು ಕಿಟಕಿಗೆ ಬೆನ್ನು ಮಾಡಿ ಕೂತೆ.

ಕಕ್ಕಸಿನಲ್ಲಿ ಒಂದು ಕ್ಯಾಲೆಂಡರು. ತಿಥಿ ನಕ್ಷತ್ರ ಇರಬಹುದೆಂದು ನೋಡಿದರೆ ಬರೀ ಹೆಸರುಗಳು. ಬಂಧುಬಳಗದ ಹುಟ್ಟುಹಬ್ಬಗಳನ್ನು ಇವರು ಅಲ್ಲಿ ನೇತುಹಾಕುತ್ತಾರಂತೆ, ದಿನಕ್ಕೆ ಒಮ್ಮೆಯಾದರೂ ಕಣ್ಣಿಗೆ ಬೀಳುವ ಜಾಗ ಎಂದು. ಬುದ್ಧಿವಂತಿಕೆಯೇ, ಇಲ್ಲವೆನ್ನಲಾರೆ. ಕಾಫಿಯ ಜೊತೆ ಬಿಸ್ಕತ್ತಿನ ಡಬ್ಬಿ ತೆಗೆದಳು. ನಾನು ಒಂದು ತೆಗೆದುಕೊಂಡೆ. ಡಬ್ಬಿ ಟಪ್ಪನೆ ಮುಚ್ಚಿತು. ಇನ್ನೊಂದಕ್ಕೆ ಒತ್ತಾಯ ಮಾಡುತ್ತಾಳೆ, ಬೇಡ ಬೇಡ ಎಂದು ಎರಡು ಸಲ ಹೇಳಿ ತೆಗೆದುಕೊಳ್ಳೋಣ ಎಂದು ಕಾದೆ. ಕಾಫಿ ಆರಿತು.

ಬೆಳಗಿನ ತಿಂಡಿಗೆ ಬ್ರೆಡ್ಡಿನ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಚಾಕೊಲೇಟಿನ ಶಾವಿಗೆ ಚೂರು. ದೊಡ್ಡವರು, ಕನ್ನಡಕ ಹಾಕಿದವರು, ನಗದೆ ತಿನ್ನುತ್ತಾರೆ. ನನಗಂತೂ ನಗು ತಡೆಯಲಾಗಲಿಲ್ಲ, ಮೂರು ಬ್ರೆಡ್ಡು ತಿಂದೆ. ಮೊಟ್ಟೆ ತಂದಾಗ “ನೋ ಗೋ” ಅಂದೆ. ಮೀನು, ನೋ ಗೋ. ಚೀಸು, ಮೂಸಿ ನೋಡಿ, ಗೋ. ಎರಡೇ ದಿನದಲ್ಲಿ ಮರೈಕೆ ತನ್ನ ಗಂಡನಿಗೂ ಹೀಗೇ ಹೇಳತೊಡಗಿದಳು.

ನಾನು ತಂದಿದ್ದ ಶೇಂಗಾ ಚಟ್ನಿಪುಡಿ ರುಚಿ ನೋಡಿ, ನಗುನಗುತ್ತಲೇ ಬಸುವಿಗೆ ಏನೋ ಹೇಳಿದಳು.

“ಏನಂದ್ಲು?”

“ಇಷ್ಟ ಆಗ್ಲಿಲ್ಲ ಅಂದ್ಲು.”

ನನ್ನ ಮುಖ ಸಣ್ಣಗಾಯಿತು. ನಮ್ಮ ಕಡೆ ಬೀಗರ ಮನೆಯಲ್ಲಿ ಮಣ್ಣು ಬಡಿಸಿದರೂ ‘ಚೆನ್ನಾಗಿದೆ, ಸಾಕು’ ಎನ್ನಬೇಕು. ಆದರೆ ಅರ್ಧ ಗಂಟೆಯ ಮೇಲೆ ಅವಳು ನನ್ನ ಸೀರೆಯ ಅಂಚು ಹಿಡಿದು ಇದು ಬಹಳ ಚೆಂದ ಅಂದಳು. ಆ ಮಾತನ್ನು ನಾನು ಪೂರ್ತಿ ನಂಬಿದೆ. ಹೊಗಳಿಕೆಯನ್ನು ಅನುಮಾನವಿಲ್ಲದೆ ನಂಬಿ ಎಷ್ಟು ಕಾಲವಾಗಿತ್ತೋ.

ಸೈಕಲ್ಲು

ಹೊತ್ತೇ ಮುಳುಗದ ಊರು. ಸಂಜೆ ದೀಪ ಹಚ್ಚೋಣವೆಂದರೆ ರಾತ್ರಿ ಒಂಬತ್ತಾದರೂ ಸಂಜೆಯಾಗುವುದಿಲ್ಲ. ಇಷ್ಟು ಬೆಳಕಿದ್ದೂ ಎಲ್ಲರೂ ಅವಸರದಲ್ಲಿರುತ್ತಾರೆ, ಎಲ್ಲರೂ ಸೈಕಲ್ ಮೇಲೆ. ಮುದುಕಿ ಸೈಕಲ್ಲಿನಲ್ಲಿ, ಟೈ ಕಟ್ಟಿದವನು ಸೈಕಲ್ಲಿನಲ್ಲಿ, ಮುಂದೊಂದು ಹಿಂದೊಂದು ಮಗು ಕೂರಿಸಿಕೊಂಡ ತಾಯಿ ಛತ್ರಿ ಬೇರೆ ಹಿಡಿದುಕೊಂಡು ಸೈಕಲ್ಲಿನಲ್ಲಿ.

ನಾನೂ ಹೊಡೆಯುತ್ತೇನೆ ಅಂದೆ. ದಾಸರಹಳ್ಳಿಯ ರೋಡಿನಲ್ಲಿ, ಲಾರಿಗಳ ನಡುವೆ ಹೊಡೆದವಳು. ಮರೈಕೆ ತನ್ನ ಅತ್ತೆಯ ಹಳೇ ಕಪ್ಪು ಸೈಕಲ್ ಕೊಟ್ಟಳು. ಬೀದಿಯ ಕೊನೆಯಲ್ಲಿ ಇಳಿಜಾರು. ಹಿಡಿ ಅದುಮಿದೆ. ಅಲ್ಲಿ ಬ್ರೇಕು ಇರಲಿಲ್ಲ. ನಾನು ನೋಡಿಯೂ ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುವ ಸೈಕಲ್ಲಂತೆ, ಅದು ಗೊತ್ತಾಗುವಷ್ಟರಲ್ಲಿ ಒಂದು ಹೂವಿನಂಗಡಿಯ ಬಕೆಟ್ಟುಗಳ ನಡುವೆ ನಾನು ಗೌರಿಯ ಹಾಗೆ ಕೂತಿದ್ದೆ. ತಲೆಯ ತುಂಬ ಹೂವು.

ಅಂಗಡಿಯವನು ಬಂದು ಎತ್ತಿದ. ಏನೋ ಹೇಳಿದ.

“ನಿಮಗೆ ಸೈಕಲ್ ಬರಲ್ಲ ಅಂತಿದಾನೆ ಕಣಕ್ಕ,” ಅಂದ ಬಸು, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ.

“ಬ್ರೇಕು ಚೆಕ್ ಮಾಡದೆ ಹತ್ತಿದ್ದು ತಪ್ಪು ಅಂತ ಹೇಳು. ಇನ್‌ಸ್ಪೆಕ್ಟರು ಅಂತ ಹೇಳ್ಬೇಡ.”

ದಂಟು ಮುರಿದ ಒಂದು ಕೆಂಪು ಹೂವನ್ನು ಅವನು ನನಗೇ ಕೊಟ್ಟು ಕಳಿಸಿದ. ಅದನ್ನು ಒಂದು ಲೋಟದ ನೀರಿನಲ್ಲಿ ಇಟ್ಟುಕೊಂಡೆ.

ಕಾಲೇಜು, ಮೊದಲ ದಿನ

ದೊಡ್ಡ ಕಿಟಕಿಗಳ ಒಂದು ಕೋಣೆಯಲ್ಲಿ ಬೇರೆ ಬೇರೆ ದೇಶದ ಮೇಷ್ಟ್ರುಗಳು ಸೇರಿದ್ದರು, ಎಲ್ಲರೂ ಇದೇ ಪಾಠದವರು. ಬಸು ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದ. ಕೇಳಿ ನನಗೆ ಖುಷಿಯೋ ಖುಷಿ. ಇಷ್ಟು ದೊಡ್ಡ ದೊಡ್ಡವರು ವಿಮಾನ ಹತ್ತಿ ಬಂದು, ಪೀಣ್ಯದಲ್ಲಿ ನಾವು ಟೀ ಹೊತ್ತಿನಲ್ಲಿ ಆಡುವ ಮಾತನ್ನೇ ಆಡುತ್ತಿದ್ದರು. ಮೇಲಿನವರು ಕಳಿಸು ಎಂದರೆ ಕೆಳಗಿನವನು ಏನು ಮಾಡಬೇಕು?

ಒಬ್ಬ ಬೋಳುತಲೆಯವರು ಹುಡುಗರಿಗೆ ಬೇಕೆಂದೇ ಒಂದು ತಪ್ಪು ಡ್ರಾಯಿಂಗು ಕೊಟ್ಟು, ಯಾರು ಎದ್ದು ಹೇಳುತ್ತಾರೋ ನೋಡೋಣ ಎಂದು ಸುಮ್ಮನೆ ಕೂರುತ್ತಾರಂತೆ. ಎಲ್ಲರಿಗೂ ತಪ್ಪು ಕಂಡಿರುತ್ತದೆ, ಮೇಷ್ಟ್ರು ಕೊಟ್ಟದ್ದು ಎಂದು ಯಾರೂ ಬಾಯಿ ಬಿಡುವುದಿಲ್ಲವಂತೆ. ಇನ್ನೊಬ್ಬಳು ಹುಡುಗರನ್ನು ಕಾರ್ಖಾನೆಗೆ ಕಳಿಸಿ, ಅಲ್ಲಿಯ ಕೆಲಸಗಾರರ ಜೊತೆ ಊಟ ಮಾಡಿಸುತ್ತಾಳಂತೆ. ಆಮೇಲೆ ಜಗಳ ಶುರುವಾಯಿತು. ಇದಕ್ಕೆ ಪರೀಕ್ಷೆ ಇಡಬೇಕೇ ಬೇಡವೇ, ಒಳ್ಳೆಯತನಕ್ಕೆ ಅಂಕ ಕೊಡುವುದು ಹೇಗೆ ಎಂದು. ಕಾಗದದಲ್ಲಿ ಸರಿಯಾಗಿ ಬರೆದವನು ಹೊರಗೆ ಹೋಗಿ ಸರಿಯಾಗಿಯೇ ಮಾಡುತ್ತಾನೆಂದು ಏನು ಗ್ಯಾರಂಟಿ, ಎಂದು ಬೋಳುತಲೆಯವರು ಮೇಜು ಕುಟ್ಟಿದರು.

ನನ್ನ ಖುಷಿ ಅಲ್ಲಿಗೆ ಇಳಿಯಿತು. ಆ ಪರೀಕ್ಷೆಯಲ್ಲಿ ನಾನು ವರ್ಷ ವರ್ಷವೂ ಫಸ್ಟ್ ಕ್ಲಾಸು, ಕಾಪಿ ಹೊಡೆದು.

ನಾಳೆ ನಿನ್ನದು ಕಣಕ್ಕ, ಅಂದ ಬಸು. ಮರೈಕೆಯ ಹುಡುಗರು ನಿನ್ನ ಕಥೆಯನ್ನು ನಾಟಕದ ಹಾಗೆ ಆಡುತ್ತಾರೆ. ನೀನು ನೋಡಿ, ಕೊನೆಯಲ್ಲಿ ಎರಡು ಮಾತು ಹೇಳಿದರೆ ಸಾಕು.

ಅವನು ಇಸ್ತ್ರಿ ಮಾಡಿದ ಅಂಗಿಯನ್ನು ಆಗಲೇ ಕುರ್ಚಿಗೆ ನೇತುಹಾಕಿದ್ದ. ಅಪ್ಪನ ಮುಂದೆ ರ್‍ಯಾಂಕು ಬಂದ ದಿನ ಇದ್ದ ಹಾಗೆ ಇತ್ತು ಅವನ ಮುಖ.

ಕಾಲೇಜು, ಎರಡನೇ ದಿನ

ಒಬ್ಬ ಕೆಂಚು ಕೂದಲಿನ ಹುಡುಗ ಓನರು. ನಾನಾಗಲು ನಾಲ್ಕು ಹುಡುಗಿಯರು ಕೈ ಎತ್ತಿದರು. ಸೈನ್ ಹಾಕುವವನಾಗಲು ಒಬ್ಬರೂ ಕೈ ಎತ್ತಲಿಲ್ಲ. ಮರೈಕೆ ಕೊನೆಗೆ ಹಿಂದಿನ ಬೆಂಚಿನ ಒಬ್ಬ ಉದ್ದ ಹುಡುಗನನ್ನು ಎಳೆದು ತಂದಳು.

ನಾಟಕ ನಡೆಯಿತು. ನಾನಾದ ಹುಡುಗಿ ಸೊಂಟಕ್ಕೆ ಕೈಯಿಟ್ಟು ಓನರಿಗೆ ಏನು ಬೈದಳೋ, ಕೋಣೆಯೆಲ್ಲ ಚಪ್ಪಾಳೆ. ಆಮೇಲೆ ಆ ಉದ್ದ ಹುಡುಗ ಬಂದ. ಕಳ್ಳನ ಹಾಗೆ ಆಚೆ ಈಚೆ ನೋಡಿದ, ಕೈ ಉಜ್ಜಿಕೊಂಡ, ಮೀಸೆಯಿಲ್ಲದ ಜಾಗದಲ್ಲಿ ಮೀಸೆ ತಿರುವಿದ, ಹಿಹಿಹಿ ಎಂದು ನಗುತ್ತಾ ಸೈನ್ ಹಾಕಿದ. ಎಲ್ಲರೂ ಛೀ ಎಂದು ಕೂಗಿದರು. ಬಸುವೂ ನಗುತ್ತಿದ್ದ.

ನಾನು ಎದ್ದು ನಿಂತಿದ್ದೆ.

“ಹಂಗಲ್ಲ,” ಅಂದೆ.

ಬಸು ನನ್ನನ್ನು ನೋಡಿದ. “ಏನಕ್ಕ?”

“ಅವನು ಹಂಗೆ ಹಾಕಲ್ಲ. ತೋರಿಸ್ತೀನಿ ಅಂತ ಹೇಳು.”

ಚೀಲದಿಂದ ಗೇಜು ತೆಗೆದು ಮೇಜಿನ ಮೇಲಿಟ್ಟೆ. ವಿಭೂತಿ ಗಟ್ಟಿ ತೆಗೆದು, ಬೆರಳಿಂದ ಗೇಜಿಗೆ ಮೂರು ಗೆರೆ ಎಳೆದೆ. ಬೆಳಿಗ್ಗೆ ಲೋಟದಿಂದ ತೆಗೆದು ಮುಡಿದಿದ್ದ ಆ ಕೆಂಪು ಹೂವನ್ನು ಅದರ ಮೇಲಿಟ್ಟೆ. ಕಣ್ಣು ಮುಚ್ಚಿ ಕೈ ಮುಗಿದೆ. ನಟನೆಗಲ್ಲ, ಬಂದುಬಿಟ್ಟಿತು. ಉದ್ದ ಹುಡುಗನಿಗೆ ಹೇಳಿದೆ, “ಈಗ ಎತ್ತು.”

ಅವನು ಕೈ ಚಾಚಿದ. ಗೇಜಿನ ಹತ್ತಿರ ಬಂದ ಕೈ ಅಲ್ಲೇ ನಿಂತಿತು. ನನ್ನ ಮುಖ ನೋಡಿ ಹಿಂದಕ್ಕೆ ಎಳೆದುಕೊಂಡ. ಅವನ ದೇವರಲ್ಲ, ಅವನ ಹಬ್ಬವಲ್ಲ, ಆದರೂ ಅವನಿಂದ ಆಗಲಿಲ್ಲ.

“ನೋಡು, ನಿನಗೂ ಆಗ್ಲಿಲ್ಲ. ಲಾರಿ ಗೇಟಲ್ಲಿ ನಿಂತಿದೆ. ಬೆಳಿಗ್ಗೆ ಎರಡು ಬುಷ್ಷು ರಿಜೆಕ್ಟ್ ಆಗಿರೋದು ನಿನಗೆ ಗೊತ್ತು. ಪೆನ್ನೂ ದೇವರ ಮುಂದಿದೆ. ಡ್ರೈವರ್ ತನ್ನ ಪೆನ್ನು ಕೊಡ್ತಾನೆ.” ಮರೈಕೆಯ ಜೇಬಿನಿಂದ ನಾನೇ ಪೆನ್ನು ತೆಗೆದುಕೊಂಡೆ. “ಹಬ್ಬದ ದಿನ. ಬಾಯಲ್ಲಿ ಇನ್ನೂ ಪುರಿ ಇದೆ. ಕಳ್ಳಗಣ್ಣು ಇಲ್ಲ, ನಗು ಇಲ್ಲ. ಮನೆಗೆ ಹೋಗಿ ಒಬ್ಬಟ್ಟು ತಿನ್ನಬೇಕು ಅಂತ ಇರುತ್ತೆ ಅಷ್ಟೇ. ಹಿಂಗೆ.”

ಕಾಗದಕ್ಕೆ ಸೈನ್ ಹಾಕಿದೆ. ಗೌರಮ್ಮ ಎಂದು, ಉರುಟು ಕನ್ನಡದಲ್ಲಿ.

ಬಸು ಅಲ್ಲಿಯವರೆಗೆ ನಾನು ಹೇಳಿದ್ದನ್ನೆಲ್ಲ ಇಂಗ್ಲಿಷು ಮಾಡುತ್ತಾ ಬಂದಿದ್ದ. ಸೈನ್ ನೋಡಿ ನಿಲ್ಲಿಸಿದ.

“ಅಕ್ಕ, ಡ್ರೈವರ್ ಪೆನ್ನಿನ ವಿಷ್ಯ ನಿನಗೆ ಹೆಂಗೊತ್ತು?”

“ನಾನೇ ಕಣೋ ಹಾಕಿದ್ದು.”

“ಏನು?”

“ಬೇರೆ ಯಾರೂ ಇರಲಿಲ್ಲ. ನಾನೇ.”

ಅವನ ಕೈಯಲ್ಲಿ ಸೀಮೆಸುಣ್ಣವಿತ್ತು. ಅದನ್ನೇ ನೋಡುತ್ತಾ ನಿಂತ. ಕೋಣೆಯವರೆಲ್ಲ ಅವನ ಬಾಯಿ ನೋಡುತ್ತಿದ್ದರು. ನಾನು ಏನು ಹೇಳಿದೆ ಎಂಬುದು ಅಲ್ಲಿ ಅವನೊಬ್ಬನಿಗೇ ಗೊತ್ತು. ‘ನಮ್ಮಕ್ಕನಿಗೆ ಆಯಾಸವಾಗಿದೆ’ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವನ ಪಾಠ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ನಾನು ಅವನನ್ನು ಎಂಥ ಜಾಗದಲ್ಲಿ ತಂದು ನಿಲ್ಲಿಸಿದೆ ಎಂದು ಆಗ ಹೊಳೆಯಿತು. ಅವನ ಗೇಟಿನಲ್ಲೂ ಲಾರಿ ನಿಂತಿತ್ತು.

“ಹೇಳ್ಲಾ?” ಅಂದ, ಮೆಲ್ಲಗೆ.

“ಹೇಳು.”

ಹೇಳಿದ. ನನಗೆ ಇಂಗ್ಲಿಷು ಬರದಿದ್ದರೂ ಸಿಸ್ಟರ್ ಗೊತ್ತು, ಸೈನ್ ಗೊತ್ತು. ಎರಡೂ ಒಂದೇ ಉಸಿರಿನಲ್ಲಿ ಬಂದವು.

ಯಾರೂ ಛೀ ಎನ್ನಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ನಾನಾಗಿದ್ದ ಹುಡುಗಿ ಕೈ ಎತ್ತಿ ಒಂದು ಪ್ರಶ್ನೆ ಕೇಳಿದಳು. ಬಸು ಸೀಮೆಸುಣ್ಣ ಕೆಳಗಿಟ್ಟು ಅದನ್ನು ಕನ್ನಡ ಮಾಡಿದ.

“ಕೈ ಮುರೀತಲ್ಲ, ಆ ಹೆಂಗಸಿನ ಹೆಸರೇನು ಅಂತ ಕೇಳ್ತಿದಾಳೆ.”

ನನಗೆ ಗೊತ್ತಿರಲಿಲ್ಲ. ಬಸುವನ್ನು ನೋಡಿದೆ. ವರ್ಷಗಟ್ಟಲೆ ಆ ಪಾಠ ಮಾಡಿದವನು. ಅವನಿಗೂ ಗೊತ್ತಿರಲಿಲ್ಲ.

ಸೇತುವೆ

ಕಾಲೇಜು ಬಿಟ್ಟ ಕೂಡಲೇ ಬಸು ಸೈಕಲ್ ಹತ್ತಿ ಮುಂದೆ ಹೋಗಿಬಿಟ್ಟ. ನಾನು ಹಿಂದೆ, ಈ ಸಲ ಪೆಡಲಿನ ಬ್ರೇಕು ನೋಡಿಕೊಂಡು. ದಾರಿಯಲ್ಲಿ ಒಂದು ಸಣ್ಣ ಕಾಲುವೆ, ಅದಕ್ಕೊಂದು ಎತ್ತುವ ಸೇತುವೆ. ಬಸು ದಾಟಿದ. ನಾನು ಹತ್ತಿರ ಬರುವಷ್ಟರಲ್ಲಿ ಗಂಟೆ ಹೊಡೆದು, ಅಡ್ಡಪಟ್ಟಿ ಬಿದ್ದು, ರಸ್ತೆಯೇ ಮೇಲಕ್ಕೆದ್ದು ನಿಂತಿತು. ಒಂದು ದೋಣಿ ಬರುತ್ತಿತ್ತು, ಗಬ್ಬದ ಎಮ್ಮೆಯ ಹಾಗೆ ನಿಧಾನವಾಗಿ.

ಈ ದಡದಲ್ಲಿ ನಾನು, ಆ ದಡದಲ್ಲಿ ಅವನು. ಎರಡೂ ಕಡೆ ಸೈಕಲ್ಲಿನವರು ಸಾಲಾಗಿ ನಿಂತರು.

“ಯಾಕೆ ಹೇಳ್ಲಿಲ್ಲ?” ಎಂದು ಅಲ್ಲಿಂದ ಕೂಗಿದ.

“ನೀನು ಕಾಲಿಗೆ ಬಿದ್ದೆಯಲ್ಲೋ. ಬಿದ್ದೋನನ್ನ ಎಬ್ಬಿಸಿ ಹೆಂಗೆ ಹೇಳ್ಲಿ?”

“ಎಷ್ಟು ಹುಡುಗ್ರಿಗೆ ಹೇಳಿದೀನಿ ನಿನ್ನ ಕಥೇನ. ಈಗ ಅವರಿಗೆಲ್ಲ ಏನನ್ನಲಿ?”

“ಚಕ್ಕುಲಿ ವಾಪಸ್ ಕೇಳು.”

ಅವನಿಗೆ ನಗು ಬಂತು. ಬರಬಾರದಿತ್ತು ಎಂದು ಸಿಟ್ಟೂ ಬಂತು. ನನ್ನ ಪಕ್ಕದಲ್ಲಿ ನಾಯಿ ಹಿಡಿದು ನಿಂತಿದ್ದ ಒಬ್ಬ ಹೆಂಗಸು ಒಮ್ಮೆ ಅವನ ಕಡೆ, ಒಮ್ಮೆ ನನ್ನ ಕಡೆ ತಲೆ ತಿರುಗಿಸುತ್ತಿದ್ದಳು. ನಾಯಿಯೂ ತಿರುಗಿಸುತ್ತಿತ್ತು.

“ನನ್ನ ಹತ್ರ ಆದ್ರೂ ಹೇಳ್ಬಹುದಿತ್ತು ಕಣಕ್ಕ.”

“ನಿನ್ನ ಹತ್ರಾನೇ ಕಣೋ ಆಗದೇ ಇದ್ದದ್ದು. ಬೇರೆ ಯಾರ ಮುಂದೆ ಆದ್ರೂ ಆಗ್ತಿತ್ತು.”

ದೋಣಿ ದಾಟಿತು. ರಸ್ತೆ ಕೆಳಗಿಳಿದು ಮತ್ತೆ ರಸ್ತೆಯಾಯಿತು. ಅವನು ಮುಂದೆ ಹೋಗುತ್ತಾನೆ ಎಂದುಕೊಂಡೆ. ಸೈಕಲ್ ತಿರುಗಿಸಿ, ಎದುರು ಬರುವವರ ಬೈಗುಳ ತಿನ್ನುತ್ತಾ ಈ ಕಡೆಗೆ ಬಂದ.

“ಹೆಸರು ಕೇಳಿದ್ಲಲ್ಲ ಆ ಹುಡುಗಿ,” ಅಂದ. “ಆರು ವರ್ಷದಲ್ಲಿ ನನಗೆ ಒಂದು ಸಲ ಹೊಳೀಲಿಲ್ಲ ನೋಡು.”

“ಪಂಪಿನ ವಿಷ್ಯ ಬಂದಿದ್ದ ಆ ಕಾಗದ ಕಾರ್ಖಾನೆ ಫೈಲಲ್ಲಿ ಇರುತ್ತೆ,” ಅಂದೆ.

ಮಧುಗಿರಿ ಆಚೆ

ಹಾಗಾಗಿ ಈ ಪ್ರವಾಸದ ಕೊನೆಯ ಊರು ಹಾಲೆಂಡಿನಲ್ಲಿಲ್ಲ. ಮಧುಗಿರಿಗೆ ಬಸ್ಸು, ಅಲ್ಲಿಂದ ಒಂದು ಟೆಂಪೋ, ಅಲ್ಲಿಂದ ನಡಿಗೆ. ಕಾಗದದಲ್ಲಿ ಹೆಸರಿತ್ತು, ಈರಮ್ಮ. ಓನರು ಫೈಲು ಕೊಡುವಾಗ, “ಯಾಕಮ್ಮ ಹಳೇದನ್ನ ಕೆದಕ್ತೀಯ” ಅಂದರು. ಈ ವರ್ಷ ಪೂಜೆಗೆ ಒಂದು ಗೇಜು, ಒಂದು ಪೆನ್ನು ಹೊರಗೇ ಇರುತ್ತೆ ಸಾರ್, ಅವಕ್ಕೆ ಹಬ್ಬ ಇಲ್ಲ, ಅಂದೆ. ತಲೆ ಕೆರೆದುಕೊಂಡು ಒಪ್ಪಿದರು.

ಈರಮ್ಮ ಜಗಲಿಯ ಮೇಲೆ ಅಲಸಂದೆಕಾಯಿ ಸುಲಿಯುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಬಲ ಮುಂಗೈ ಸ್ವಲ್ಪ ಹೊರಳಿಕೊಂಡೇ ಕೂಡಿದೆ. ಸುಲಿಯುವುದೆಲ್ಲ ಎಡಗೈಯಲ್ಲಿ.

“ಯಾರವ್ವಾ, ಓಟಿನ ಪಟ್ಟಿಯೋರಾ?”

ನಾನು ನಿಂತೇ ಹೇಳಿದೆ. ಎಲ್ಲ ಹೇಳಿದೆ. ಗೇಜು, ಹೂವು, ಡ್ರೈವರನ ಪೆನ್ನು. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಅದು ನೀನೇನಾ.”

“ನಾನೇ.”

ಬಸುವಿಗೆ ನನ್ನನ್ನು ಹಾಗೆ ನೋಡಲಾಗಲಿಲ್ಲ. “ನಮ್ಮಕ್ಕ ಹಾಲೆಂಡಲ್ಲಿ ಎಲ್ಲರ ಮುಂದೆ ಒಪ್ಕೊಂಡ್ಲು ಕಣಮ್ಮಾ,” ಅಂದ.

“ಅದೆಲ್ಲೈತೆ?”

“ಸಮುದ್ರದಾಚೆ. ವಿಮಾನದಲ್ಲಿ ಒಂದು ರಾತ್ರಿ.”

“ಬೆಂಗ್ಳೂರಿಂದ ಇಲ್ಲಿಗೆ?”

“ಮೂರು ಗಂಟೆ,” ಅಂದೆ ನಾನು.

“ಅಲ್ಲಿಗೋಗಿ ಯೇಳಿ, ಆಮ್ಯಾಕೆ ಇಲ್ಲಿಗೆ ಬಂದ್ಯಾ.” ಅವಳು ಒಂದು ಹುಳುಕು ಕಾಳು ತೆಗೆದು ಆಚೆ ಎಸೆದಳು. “ಒಳ್ಳೆ ದಾರಿ ಇಡ್ಕಂಡಿದೀಯ ಕಣವ್ವ.”

ನನ್ನ ಮಾತಿಗೆ ಅವಳು ಕಾಯಲಿಲ್ಲ. ಎದ್ದು ಮೊರ ಒಳಗಿಟ್ಟು, ಎರಡು ಬಿಂದಿಗೆ ತಂದು ನನ್ನ ಮುಂದಿಟ್ಟಳು.

“ಸೊಸೆ ಕೂಲಿಗೋಗವ್ಳೆ. ಈ ಕೈಲಿ ಬೋರಿಂಗು ಒತ್ತಕ್ಕಾಗಕಿಲ್ಲ. ಬಾ, ತುಂಬ್ಸು.”

ಪಂಪು ಅಲ್ಲೇ, ಬೇವಿನ ಮರದ ಕೆಳಗೆ. ಬಿಂದಿಗೆ ಇಟ್ಟು ಹಿಡಿಗೆ ಕೈ ಹಾಕಿದೆ. ಒತ್ತುವ ಮುಂಚೆ ನನಗೇ ತಿಳಿಯದೆ ಬಗ್ಗಿ, ಹಿಡಿಯನ್ನು ಆಚೆ ಈಚೆ ಅಲುಗಾಡಿಸಿ, ಬುಷ್ಷು ಕೂತ ಜಾಗಕ್ಕೆ ಬೆರಳಿಟ್ಟು ನೋಡಿದೆ.

ಈರಮ್ಮ ಮರಕ್ಕೊರಗಿ ನಿಂತು ನೋಡುತ್ತಿದ್ದಳು.

“ಈಗ ನೋಡ್ತೀಯಾ?” ಅಂದಳು.

ಹೂಂ ಅಂದೆ. ಪೂರ್ತಿ ನೋಡಿದೆ, ಎರಡೂ ಕಡೆ. ಆಮೇಲೆ ತುಂಬಿಸಿದೆ.